ಹಾಜರಿ ಪುಸ್ತಕದಲ್ಲಿ ನನಗೆ ಕಂಡಿದ್ದು

ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ 14 ವರ್ಷದಿಂದ ಕಾಮರ್ಸ್ ಪಾಠ ಮಾಡುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನಾಲ್ಕನೇ ಸೆಮಿಸ್ಟರಿನಲ್ಲಿ ಕಾಲೇಜು ಬಿಟ್ಟ. 75% ಹಾಜರಿ ಇರಲಿಲ್ಲ. ಶಾರ್ಟೇಜ್ ಪಟ್ಟಿಗೆ ಅವನ ಹೆಸರು ಬರೆದವಳು ನಾನೇ. ಅವನು ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಯಾರ ಹತ್ತಿರವೂ ಮಾತಾಡದೆ ರೂಮಿನಲ್ಲೇ ಇರುತ್ತಿದ್ದ ಅಂತ ಅವನ ಗೆಳೆಯ ಹೇಳಿದ್ದು ಒಂದು ವರ್ಷ ಆದಮೇಲೆ. ಪುಸ್ತಕದಲ್ಲಿ ಎಲ್ಲವೂ ಇತ್ತು. ನಾನು ಅದನ್ನು ಲೆಕ್ಕ ಹಾಕಿದ್ದೆ, ಓದಿರಲಿಲ್ಲ.

ಅಲ್ಲಿಂದ ಪ್ರತಿ ಶುಕ್ರವಾರ ಹಾಜರಿ ಪುಸ್ತಕ ತೆಗೆದು ಕೂರುತ್ತೇನೆ. ಯಾರಿಗೆ ಕಡಿಮೆ ಇದೆ ಅಂತ ನೋಡುವುದಿಲ್ಲ, ಯಾರದು ಬದಲಾಗಿದೆ ಅಂತ ನೋಡುತ್ತೇನೆ. ಮೊದಲಿನಿಂದಲೂ ತಪ್ಪಿಸಿಕೊಳ್ಳುವ ಹುಡುಗ ಬೇರೆ. ಜೂನ್, ಜುಲೈನಲ್ಲಿ ಒಂದು ದಿನವೂ ತಪ್ಪಿಸದವಳು ಸೆಪ್ಟೆಂಬರಿನಲ್ಲಿ ಮೊದಲ ಪೀರಿಯಡ್ಡಿಗೆ ಬರುವುದನ್ನೇ ಬಿಟ್ಟರೆ ಅದು ಬೇರೆ. ಎರಡು ವಾರ ಹಾಗೇ ಮುಂದುವರಿದರೆ ನಾನು ಸುಮ್ಮನಿರುವುದಿಲ್ಲ. ಆಮೇಲೆ ಸಣ್ಣಪುಟ್ಟದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಮುಂದಿನ ಬೆಂಚಿನಿಂದ ಹಿಂದಕ್ಕೆ ಹೋಗಿರುವುದು, ಊಟದ ಡಬ್ಬಿ ತೆರೆಯದೇ ಇರುವುದು, ಪದೇ ಪದೇ ತಲೆನೋವು ಅನ್ನುವುದು. ನಮ್ಮ ಮಕ್ಕಳು 'ಬೇಜಾರಾಗಿದೆ' ಅನ್ನುವುದಕ್ಕಿಂತ ಮುಂಚೆ 'ತಲೆನೋವು' ಅನ್ನುತ್ತಾರೆ.

ಎರಡು ವರ್ಷದ ಹಿಂದೆ ಹೀಗೆ ಕಂಡವಳು ಹಾಸ್ಟೆಲಿನ ಒಬ್ಬ ಹುಡುಗಿ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಪಿಯುಸಿ ತನಕ ಕನ್ನಡ ಮಾಧ್ಯಮ, ಒಳ್ಳೆಯ ಅಂಕ. ಮನೆಯಲ್ಲಿ ಡಿಗ್ರಿಗೆ ಬಂದವರಲ್ಲಿ ಇವಳೇ ಮೊದಲು. ಮೊದಲ ಇಂಟರ್ನಲ್ಸ್‌ನಲ್ಲಿ ಹೆಸರು ಬರೆದು ಖಾಲಿ ಹಾಳೆ ಕೊಟ್ಟಿದ್ದಳು.

ಸ್ಟಾಫ್ ರೂಮಿಗೆ ಕರೆಯಲಿಲ್ಲ. ಅಲ್ಲಿ ಎಂಟು ಜನ ಕೂತಿರುತ್ತೇವೆ, ಎಲ್ಲರ ಕಿವಿಯೂ ಅಲ್ಲೇ ಇರುತ್ತದೆ. ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತೆ. ಎದುರಿಗೆ ಕೂತರೆ ವಿಚಾರಣೆ ಆಗುತ್ತದೆ. "ಯಾಕೆ ಬರ್ತಿಲ್ಲ" ಅಂತ ಕೇಳಿದರೆ ಸುಳ್ಳು ಹೇಳಲೇಬೇಕಾಗುತ್ತದೆ. ಅದಕ್ಕೇ "ರಾತ್ರಿ ನಿದ್ದೆ ಬರ್ತಿದೆಯೇನಮ್ಮ? ಊಟ ಸೇರ್ತಿದೆಯಾ?" ಅಂದೆ. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ನಾನೂ ಸುಮ್ಮನಿದ್ದೆ. ಪಾಠ ಮಾಡುವವರಿಗೆ ಇದೇ ಕಷ್ಟ, ಎರಡು ನಿಮಿಷ ಸದ್ದಿಲ್ಲದಿದ್ದರೆ ನಾವೇ ಬುದ್ಧಿ ಹೇಳಲು ಶುರು ಮಾಡುತ್ತೇವೆ.

ಕೊನೆಗೆ ಅಂದಳು, "ಬೆಳಿಗ್ಗೆ ಏಳಲೇಬಾರದು ಅನ್ಸುತ್ತೆ ಮೇಡಂ."

ಇಂಥ ಮಾತು ಬಂದಾಗ ನೇರವಾಗಿ ಕೇಳಬೇಕು. "ಸಾಯಬೇಕು ಅಂತ ಅನ್ಸುತ್ತಾ?" ಅಂತಲೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹುಟ್ಟುವುದಿಲ್ಲ. ಅವಳು ಅತ್ತಳು, ಹೌದು ಅಂದಳು. ಅಳು ನಿಂತ ಮೇಲೆ ಅವಳ ಭುಜ ಸ್ವಲ್ಪ ಸಡಿಲವಾಗಿತ್ತು.

"ಯಾರಿಗೂ ಹೇಳಬೇಡಿ" ಅಂತ ಬೇಡಿಕೊಂಡಳು. ಹಿಂದೆ ಒಬ್ಬನಿಗೆ ಹಾಗೆ ಮಾತು ಕೊಟ್ಟು, ಆಮೇಲೆ ಮುರಿಯಬೇಕಾಗಿ ಬಂದು, ಅವನ ನಂಬಿಕೆ ಕಳೆದುಕೊಂಡಿದ್ದೆ. ಈಗ ಮೊದಲೇ ಹೇಳಿಬಿಡುತ್ತೇನೆ: "ಸ್ಟಾಫ್ ರೂಮಿನಲ್ಲಿ ಮಾತಾಡಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಯಾರಿಗೆ ಹೇಳಬೇಕೋ ಅವರಿಗೆ ಹೇಳ್ತೀನಿ, ನಿನಗೆ ತಿಳಿಸಿಯೇ ಹೇಳ್ತೀನಿ."

ಅಲ್ಲೇ ಕೂತು ಟೆಲಿ ಮಾನಸ್‌ಗೆ ಫೋನ್ ಮಾಡಿದೆವು. 14416. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಬರೆದುಕೊಟ್ಟು ಕಳಿಸಿದರೆ ಮಕ್ಕಳು ಮಾಡುವುದಿಲ್ಲ. ಮೊದಲ ಸಲ ಪಕ್ಕದಲ್ಲಿ ಯಾರಾದರೂ ಇರಬೇಕು. ಆ ರಾತ್ರಿ ಅವಳು ಒಬ್ಬಳೇ ಇರದಂತೆ ವಾರ್ಡನ್ ನೋಡಿಕೊಂಡರು. ಸಂಜೆ ಬಸ್ಸಿಗೇ ಹುಡುಗಿಯ ಅಮ್ಮ ಬಂದರು.

ಅಪ್ಪ ಮಾರನೆಯ ದಿನ ಬಂದರು. "ನಮ್ಮ ಹುಡುಗಿಗೆ ಹುಚ್ಚು ಅಂತೀರಾ ಮೇಡಂ? ನಾಳೆ ಮದುವೆ ಮಾಡೋದು ಹೇಗೆ?" ಅಂದರು. ನನಗೆ ಕೋಪ ಬರಲಿಲ್ಲ, ಅವರ ಕೈ ನಡುಗುತ್ತಿತ್ತು. "ಹುಚ್ಚಲ್ಲ, ಕಾಯಿಲೆ. ನಿದ್ದೆ ಊಟ ಎರಡೂ ಬಿಟ್ಟಿದ್ದಾಳೆ. ಡಾಕ್ಟರ್ ನೋಡಲಿ ಅಲ್ವಾ?" ಅಂದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಗೊತ್ತಾದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಆ ಮಂಗಳವಾರ ನಾಲ್ವರೂ ಹೋದೆವು. ಡಾಕ್ಟರ್ ಮೊದಲು ರಕ್ತ ಪರೀಕ್ಷೆಗೆ ಬರೆದರು. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದ್ದರೂ ಇದೇ ತರಹ ಸುಸ್ತು ಕಾಣಿಸಬಹುದಂತೆ. ಆಮೇಲೆ ಖಿನ್ನತೆ ಅಂತ ಹೇಳಿ ಮಾತ್ರೆ ಕೊಟ್ಟರು.

ಮಾತ್ರೆ ಕೆಲಸ ಮಾಡಲು ವಾರಗಟ್ಟಲೆ ಬೇಕು. ಮನೆಯವರು ಬಿಡಿಸುವುದೂ ಆಗಲೇ, ಏನೂ ಪ್ರಯೋಜನ ಇಲ್ಲ ಅಂತ. ಆ ದಿನಗಳಲ್ಲಿ ಅಮ್ಮನಿಗೆ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದೆ.

ಮಾತ್ರೆ ಒಂದೇ ಸಾಲುತ್ತಿರಲಿಲ್ಲ. ಅವಳನ್ನು ಒಳಗೇ ತಿನ್ನುತ್ತಿದ್ದ ಸಂಗತಿ ನನ್ನ ಕ್ಲಾಸಿನಲ್ಲೇ ಇತ್ತು. 'ಸವಕಳಿ' ಅವಳಿಗೆ ಚೆನ್ನಾಗಿ ಗೊತ್ತು, 'ಡಿಪ್ರಿಸಿಯೇಷನ್' ಗೊತ್ತಿಲ್ಲ. 'ಅಢಾವೆ ಪತ್ರಿಕೆ' ಬರೆಯಬಲ್ಲಳು, 'ಬ್ಯಾಲೆನ್ಸ್ ಶೀಟ್' ಅಂದರೆ ಬೆವರುತ್ತಾಳೆ. ತಾನು ದಡ್ಡಿ, ಅಪ್ಪನ ಸಾಲ ವ್ಯರ್ಥ ಅಂತ ತೀರ್ಮಾನಿಸಿಬಿಟ್ಟಿದ್ದಳು. ಇಬ್ಬರೂ ಕೂತು 100 ಪದಗಳ ಪಟ್ಟಿ ಮಾಡಿದೆವು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಈಗ ಅದನ್ನು ಮೊದಲ ವಾರವೇ ಎಲ್ಲರಿಗೂ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಹಾಜರಿ ವಿಷಯಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಹಿಡಿದು ಪ್ರಿನ್ಸಿಪಾಲರ ಹತ್ತಿರ ಹೋದೆ, ಅವರು ಒಪ್ಪಿದರು.

ನಾನು ಕೌನ್ಸೆಲರ್ ಅಲ್ಲ, ಆ ಕೆಲಸ ನನ್ನಿಂದ ಆಗುವುದೂ ಇಲ್ಲ. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ತರಬೇತಾದ ಕೌನ್ಸೆಲರ್ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಆ ತೀರ್ಪಿನ ಪ್ರತಿಯನ್ನು ಸ್ಟಾಫ್ ಮೀಟಿಂಗಿನಲ್ಲಿ ನಾನೇ ಓದಿದೆ. ಪ್ರತಿ ಮೀಟಿಂಗಿನಲ್ಲೂ ಕೇಳುತ್ತಲೇ ಇದ್ದೇನೆ.

ಆ ಹುಡುಗಿಗೆ ಆ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿದವು. ಮುಂದಿನ ವರ್ಷ ಎರಡನ್ನೂ ಪಾಸು ಮಾಡಿಕೊಂಡಳು. ಮಾತ್ರೆಯನ್ನು ಡಾಕ್ಟರ್ ಹೇಳಿದ ಮೇಲೆ ನಿಧಾನವಾಗಿ ಕಡಿಮೆ ಮಾಡಿದ್ದಾರೆ. ಮಂಗಳವಾರ ಆಸ್ಪತ್ರೆಗೆ ಹೋಗುವಾಗ ಈಗ ಅಪ್ಪನೇ ಜೊತೆಗೆ ಬರುತ್ತಾರೆ.