ತಮ್ಮನ ವ್ಯಾಲಿಡಿಟಿ ಹಿಡಿದು ಮಗಳ ಫೈಲು ಕಟ್ಟಿದ ಅನುಭವ

ನಾವು ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟೆ ತಾಲೂಕಿನ ಕನ್ನಡ ಮಾತಾಡುವ ಮಹಾದೇವ ಕೋಳಿ ಬುಡಕಟ್ಟಿನವರು. ಮಹಾರಾಷ್ಟ್ರದಲ್ಲಿ ಪ್ರಾಂತಾಧಿಕಾರಿ (ಉಪವಿಭಾಗಾಧಿಕಾರಿ) ಕೊಟ್ಟ ಜಾತಿ ಪ್ರಮಾಣಪತ್ರ ಒಂದೇ ಇದ್ದರೆ ಸಾಲುವುದಿಲ್ಲ. ಎಸ್‌ಟಿ ಕೋಟಾದಲ್ಲಿ ಸೀಟು ಬೇಕೆಂದರೆ ಪರಿಶೀಲನಾ ಸಮಿತಿಯ ವ್ಯಾಲಿಡಿಟಿಯೂ, ಅಂದರೆ ಆ ಪ್ರಮಾಣಪತ್ರ ಸರಿ ಇದೆ ಎಂದು ಸಮಿತಿ ಕೊಡುವ ಪತ್ರವೂ ಬೇಕು. 2001ರಲ್ಲಿ ಜಾರಿಗೆ ಬಂದ ಕಾಯ್ದೆ ಪ್ರಕಾರ ಸಾಬೀತು ಮಾಡುವ ಹೊಣೆ ಪೂರ್ತಿ ಅರ್ಜಿದಾರರದು.

ನನ್ನ ಚಿಕ್ಕಪ್ಪನ ಮಗನಿಗೆ ಮೊದಲೇ ವ್ಯಾಲಿಡಿಟಿ ಸಿಕ್ಕಿತ್ತು. ಮಗಳ ಅರ್ಜಿ ಹಾಕುವಾಗ "ತಮ್ಮಂದು ಅದ ಅಲ್ಲ, ಝೆರಾಕ್ಸ್ ಹಚ್ಚಿ ಬಿಡ್ರಿ" ಅಂದವರೇ ಜಾಸ್ತಿ. ಅಷ್ಟಕ್ಕೇ ಬಿಡಲು ನನಗೆ ಮನಸ್ಸಾಗಲಿಲ್ಲ. ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ಠಾಕೂರ್ ಜಮಾತಿನವರ ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ರಕ್ತ ಸಂಬಂಧಿಯ ವ್ಯಾಲಿಡಿಟಿ ತೋರಿಸಿದರೆ ಸಮಿತಿ ನೋಡಬೇಕಾದ್ದು ಇಷ್ಟು: ಆ ಪತ್ರ ಅಸಲಿಯೇ, ಸಂಬಂಧ ಖಚಿತವಾಗಿ ಸಾಬೀತಾಗಿದೆಯೇ, ಸರಿಯಾದ ವಿಚಾರಣೆ ನಡೆಸಿ ಕಾರಣ ಬರೆದು ಅದನ್ನು ಕೊಟ್ಟಿದ್ದರೇ. ಇವು ಸರಿ ಇದ್ದು ಮೋಸ ಕಾಣದಿದ್ದರೆ ಮಾನ್ಯ ಮಾಡಬೇಕು. ಸಂಬಂಧಿ ಅಂದರೆ ತಂದೆ ಕಡೆಯವರು. ತಾಯಿಯ ಅಣ್ಣನದು ತಂದರೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಿಜವಾದ ಕೆಲಸ ಇದ್ದದ್ದು ಸಂಬಂಧ ತೋರಿಸುವುದರಲ್ಲಿ. ತಮ್ಮನ ಫೈಲಿನಲ್ಲಿ ಅಜ್ಜನ ಹೆಸರು ಸಿದ್ದಪ್ಪ. ನಮ್ಮಪ್ಪನ ಶಾಲೆ ದಾಖಲೆಯಲ್ಲಿ ಸಿದ್ರಾಮ. ಗಡಿ ಊರುಗಳಲ್ಲಿ ಇದು ಮನೆಮನೆಯ ಕಥೆ: ಕನ್ನಡ ಹೆಸರನ್ನು ಮರಾಠಿ ಗುಮಾಸ್ತ ತನಗೆ ತಿಳಿದಂತೆ ಬರೆದಿರುತ್ತಾನೆ. ವಂಶಾವಳಿಗೆ ಅಫಿಡವಿಟ್ ಮಾಡಿಸಿದೆ, ಸರಿ. ಆದರೆ ಅದು ನಾವೇ ಹೇಳಿಕೊಂಡ ಮಾತು, ಅಲ್ವಾ? ಬೇರೆಯವರು ಬರೆದಿಟ್ಟ ಕಾಗದ ಬೇಕಿತ್ತು. ತಲಾಠಿ (ಗ್ರಾಮಲೆಕ್ಕಿಗ) ಕಚೇರಿಯಲ್ಲಿ ಹೊಲದ ಹಳೇ ಫೇರಫಾರ, ಅಂದರೆ ಹಕ್ಕು ಬದಲಾವಣೆಯ ದಾಖಲೆ ತೆಗೆಸಿದೆ. ಅಜ್ಜ ತೀರಿದ ಮೇಲೆ ವಾರಸುದಾರರ ನೋಂದಣಿಯಾಗಿತ್ತು. ಅದರಲ್ಲಿ "ಸಿದ್ದಪ್ಪ ಉರ್ಫ್ ಸಿದ್ರಾಮ" ಎಂದಿತ್ತು, ಕೆಳಗೆ ಒಂದರ ಕೆಳಗೊಂದು ನಮ್ಮಪ್ಪನ ಹೆಸರು, ಚಿಕ್ಕಪ್ಪನ ಹೆಸರು, ಮುಂದೆ ಮಗ, ಮಗ ಎಂದು. ಎರಡು ಮನೆಗಳನ್ನು ಜೋಡಿಸಿದ್ದು ಆ ಒಂದು ಹಾಳೆ. ಅದರ ನಕಲು ಪ್ರತಿಗೆ ಸಹಿ, ಸಿಕ್ಕ (ಮೊಹರು) ಹಾಕಿಸಿಕೊಂಡೆ.

ಇನ್ನೊಂದು ತೊಡಕಿತ್ತು. ಅಪ್ಪನ ಶಾಲೆ ರಜಿಸ್ಟರಿನಲ್ಲಿ ಬರೀ "ಹಿಂದೂ ಕೋಳಿ" ಎಂದಿದೆ. ಬರೀ ಕೋಳಿ ಎಂದಿದ್ದರೆ ಪರಿಶಿಷ್ಟ ಪಂಗಡದ ಪಟ್ಟಿಗೆ ಬರುವುದಿಲ್ಲ, ಪಟ್ಟಿಯಲ್ಲಿರುವುದು ಮಹಾದೇವ ಕೋಳಿ. ಅದಕ್ಕೇ ತಮ್ಮನ ಕಡೆಯಿಂದಲೇ ಅರ್ಜಿ ಹಾಕಿಸಿ, ಅವನ ಕೇಸಿನ ಆದೇಶ ಮತ್ತು ವಿಜಿಲೆನ್ಸ್ (ಸಮಿತಿಯ ತನಿಖಾ ತಂಡ) ವರದಿಯ ಪ್ರತಿ ತೆಗೆಸಿದೆ. ಚಿಕ್ಕಪ್ಪನ ದಾಖಲೆಯಲ್ಲೂ ಅದೇ ನಮೂದು ಇತ್ತು. ಸಮಿತಿ ಅದನ್ನು ನೋಡಿ, ಅಜ್ಜನ ಕಾಲದ ಕೋತವಾಲ ಬುಕ್ಕಿನಲ್ಲಿ (ಊರಿನ ಜನನ ಮರಣದ ಹಳೇ ದಾಖಲೆ) "ಮಹಾದೇವ ಕೋಳಿ" ಎಂದಿದ್ದದ್ದಕ್ಕೆ ಹೆಚ್ಚು ತೂಕ ಕೊಟ್ಟಿತ್ತು. ಸ್ವಾತಂತ್ರ್ಯಕ್ಕಿಂತ ಹಿಂದಿನ ಕಾಗದಕ್ಕೆ ಬೆಲೆ ಜಾಸ್ತಿ ಎಂದು ಸುಪ್ರೀಂ ಕೋರ್ಟು 1994ರ ಮಾಧುರಿ ಪಾಟೀಲ್ ಕೇಸಿನಲ್ಲೂ 2011ರ ಆನಂದ್ ಕೇಸಿನಲ್ಲೂ ಹೇಳಿದೆ. ಕೋತವಾಲ ಬುಕ್ಕಿನ ಆ ಪುಟ ಮರಾಠಿಯ ಹಳೇ ಮೋಡಿ ಲಿಪಿಯಲ್ಲಿತ್ತು. ಬಲ್ಲವರಿಂದ ಓದಿಸಿ, ಅನುವಾದವನ್ನೂ ಜೊತೆಗಿಟ್ಟೆ.

ವಿಜಿಲೆನ್ಸಿನವರು ಮನೆಗೂ ಬಂದರು. ಕುಲದೇವರು ಯಾರು, ಮದುವೆ ಹೇಗೆ ಮಾಡುತ್ತೀರಿ ಎಂದೆಲ್ಲ ಕೇಳಿದರು. ಪೇಟೆಯಲ್ಲಿ ಬೆಳೆದ ಹುಡುಗಿ ಕೆಲವಕ್ಕೆ "ಗೊತ್ತಿಲ್ಲ" ಎಂದಳು. ಮೊದಲೇ ಉತ್ತರ ಬಾಯಿಪಾಠ ಮಾಡಿಸಿರಲಿಲ್ಲ, ಮಾಡಿಸಲೂಬಾರದು. ಊರು ಬಿಟ್ಟವರ ಆಚಾರ ಬದಲಾಗಿರುತ್ತದೆ, ಈ ಪರೀಕ್ಷೆ ಒಂದರ ಮೇಲೆಯೇ ತೀರ್ಮಾನ ನಿಲ್ಲಬಾರದು ಎಂಬುದೂ 2023ರ ತೀರ್ಪಿನ ಸಾರ. ಲಿಖಿತ ಉತ್ತರದಲ್ಲಿ ಅದನ್ನೇ ಬರೆದು, ಆದೇಶ, ಫೇರಫಾರ, ವಂಶಾವಳಿ ಮೂರನ್ನೂ ಒಂದರ ಹಿಂದೊಂದು ಇಟ್ಟು ಕೊಟ್ಟೆ.

ವ್ಯಾಲಿಡಿಟಿ ಬಂತು. ಪತ್ರದ ಜೊತೆ ಸಮಿತಿಯ ಆದೇಶದ ದೃಢೀಕೃತ ಪ್ರತಿಯನ್ನೂ ಕೇಳಿ ಪಡೆದಿದ್ದೇನೆ. ನನ್ನ ಅಣ್ಣನ ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ. ಅವರ ಸರದಿ ಬಂದಾಗ ಆ ಕಾಗದವೇ ಮೊದಲು ಬೇಕಾಗುತ್ತದೆ.