ನಾನು ಆಸ್ಪತ್ರೆಯಲ್ಲಿ, ಚುಕ್ಕಿ ಮಂಚದ ಕೆಳಗೆ

ಗರ್ಭಕೋಶದ ಆಪರೇಷನ್ ಆದಮೇಲೆ 6 ವಾರ ಬಗ್ಗಿ ಕೆಲಸ ಮಾಡಬಾರದು, ಭಾರ ಎತ್ತಬಾರದು ಅಂದರು ಡಾಕ್ಟರು. ನನಗೆ ಮೊದಲು ನೆನಪಾದದ್ದೇ ಚುಕ್ಕಿ ಉಚ್ಚೆ-ಕಕ್ಕ ಮಾಡುವ ಮರಳಿನ ಟ್ರೇ, ಬಗ್ಗಿಯೇ ತೆಗೆಯಬೇಕು. ಕುಕ್ಕರ್ ಕೂಗಿದರೂ ಮಂಚದ ಕೆಳಗೆ ಓಡುವ ಬೆಕ್ಕು ಅದು.

ಇಂಥ ಪುಕ್ಕಲನ್ನು ಎಲ್ಲೂ ಬಿಟ್ಟುಬರಬೇಡಿ, ತವರುಮನೆಯಲ್ಲೂ ಬೇಡ. ಹಿಂದೊಮ್ಮೆ ಮದುವೆಗೆ ಹೋಗುವಾಗ ಒಂದು ಕಡೆ ಬಿಟ್ಟಿದ್ದೆ. ಎರಡು ದಿನದಿಂದ ಏನೂ ತಿಂದಿಲ್ಲ ಅಂತ ಮೂರನೇ ದಿನ ಫೋನ್ ಮಾಡಿದರು! ಬೆಕ್ಕು ಹಾಗೆ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು, ದಪ್ಪ ಬೆಕ್ಕಿಗಂತೂ ಇನ್ನೂ ಬೇಗ.

ಈ ಸಲ ಪಕ್ಕದ ಮನೆಯ ಪಿಯುಸಿ ಹುಡುಗಿಯನ್ನು 15 ದಿನ ಮೊದಲೇ ದಿನಾ ಸಂಜೆ ಬಾ ಅಂದೆ. ಅವಳಿಗಿದ್ದ ಕೆಲಸ ಒಂದೇ: ಬೆಕ್ಕಿನ ಕಡೆ ತಿರುಗಿಯೂ ನೋಡದೆ ಹಾಲ್‌ನಲ್ಲಿ ಕೂತು ಓದಿಕೊಳ್ಳುವುದು. ನಾಲ್ಕು ದಿನ ಬಾಲವೂ ಕಾಣಲಿಲ್ಲ. ಐದನೇ ದಿನ ಬಾಗಿಲ ಸಂದಿಯಲ್ಲಿ ಒಂದು ಕಿವಿ. ಒಂಬತ್ತನೇ ದಿನ ಅವಳ ಕೆಮಿಸ್ಟ್ರಿ ಪುಸ್ತಕದ ಮೂಲೆಗೆ ಕೆನ್ನೆ ಉಜ್ಜಿ ಓಡಿಹೋಯಿತು. ಸಾಕು ಅಂದುಕೊಂಡೆ.

ಫ್ರಿಜ್ ಮೇಲೆ ಚೀಟಿ ಅಂಟಿಸಿದೆ: 'ಚುಕ್ಕಿಯನ್ನು ಹುಡುಕಬೇಡ, ಎಳೆಯಬೇಡ. ಬಟ್ಟಲು ನೋಡು, ಟ್ರೇ ನೋಡು.' ಊಟ ಖಾಲಿಯಾಗಿ ಮರಳಲ್ಲಿ ಉಚ್ಚೆಗೆ ಕಟ್ಟಿದ ಉಂಡೆ ಇದ್ದರೆ ಬೆಕ್ಕು ಕಾಣದಿದ್ದರೂ ಪರವಾಗಿಲ್ಲ. 24 ಗಂಟೆ ಊಟ ಮುಟ್ಟದಿದ್ದರೆ ಪ್ರಾಣಿಗಳ ಡಾಕ್ಟರಿಗೆ ಫೋನ್. ನಿಮ್ಮದು ಗಂಡು ಬೆಕ್ಕಾದರೆ ಇದನ್ನೂ ಬರೆಯಿರಿ: ಟ್ರೇಗೆ ಪದೇಪದೇ ಹೋಗಿ ತಿಣುಕಿದರೂ ಉಚ್ಚೆ ಬರದಿದ್ದರೆ ಬೆಳಗಾಗುವ ತನಕ ಕಾಯಬಾರದು. ಬೆಕ್ಕನ್ನು ಒಯ್ಯುವ ಬುಟ್ಟಿಯನ್ನು ವಾರ ಮೊದಲೇ ತೆರೆದಿಟ್ಟು ಒಳಗೆ ನೀವು ಉಟ್ಟು ಬಿಟ್ಟ ಸೀರೆ ಹಾಸಿ. ಒಗೆಯಬೇಡಿ ಮತ್ತೆ! ಊಟದ ಬ್ರ್ಯಾಂಡು, ಮರಳು ಯಾವುದನ್ನೂ ಈಗ ಬದಲಿಸಬೇಡಿ.

ಮನೆಗೆ ಬಂದಾಗ ನನ್ನ ಮೈಯ ಆಸ್ಪತ್ರೆ ವಾಸನೆಗೆ ಚುಕ್ಕಿ ಬುಸ್ ಅಂತು. ಅತ್ತೇಬಿಟ್ಟೆ. ನೋಡಲು ಬಂದವರು ತಂದ ಹೂಗುಚ್ಛದಲ್ಲಿ ಲಿಲ್ಲಿ ಇತ್ತು, ಬಾಗಿಲಲ್ಲೇ ವಾಪಸ್ ಕಳಿಸಿದೆ. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗುತ್ತೆ. ನಮ್ಮ ಪ್ಯಾರಾಸಿಟಮಾಲೂ ಅದಕ್ಕೆ ವಿಷ. ಮಾತ್ರೆ ಕೆಳಗೆ ಬಿದ್ದರೆ ನೀವು ಬಗ್ಗಬೇಡಿ, ಯಾರನ್ನಾದರೂ ಕೂಗಿ.

ಚುಕ್ಕಿ ಹೊಲಿಗೆ ಮೇಲೆ ಹಾರದಿರಲಿ ಅಂತ ಹೊಟ್ಟೆಗೆ ದಿಂಬು ಅಡ್ಡ ಇಟ್ಟುಕೊಂಡು ಮಲಗುತ್ತಿದ್ದೆ. ಮೂರನೇ ರಾತ್ರಿ ಧೊಪ್ಪನೆ ಬಂದು ಕೂತದ್ದು ಆ ದಿಂಬಿನ ಮೇಲೇ.