ಬ್ಯಾಂಕ್ ಹೆಸರಲ್ಲಿ ಬಂದ ಮೇಲ್ ಅಸಲಿನಾ ನಕಲಿನಾ, ನೋಡೋದು ಹೇಗೆ

ಹೋದ ತಿಂಗಳು ನಮ್ಮ ಮಾವನವರಿಗೆ ಒಂದು ಮೇಲ್ ಬಂತು, ಕೆವೈಸಿ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿನೇ ಅಕೌಂಟ್ ಬ್ಲಾಕ್ ಆಗತ್ತೆ ಅಂತ. ಪೆನ್ಶನ್ ಬರೋ ಅಕೌಂಟು ನೋಡಿ, ಗಾಬರಿಯಾಗಿ ಲಿಂಕ್ ಒತ್ತೇಬಿಟ್ರು, ಪುಣ್ಯಕ್ಕೆ ಪಾಸ್‌ವರ್ಡ್ ಹಾಕೋ ಮುಂಚೆ ನನಗೊಂದು ಫೋನ್ ಮಾಡಿದ್ರು. ನಾನು ನೋಡಿದ್ರೆ ಲೋಗೋ, ಬಣ್ಣ, ಕೆಳಗಡೆ ಆಫೀಸ್ ವಿಳಾಸ ಎಲ್ಲಾ ಬ್ಯಾಂಕಿನದ್ದೇ ಥರ ಇತ್ತು! ಅದಕ್ಕೇ ಹೇಳೋದು, ಲೋಗೋ ನೋಡಿ ನಂಬಬೇಡಿ, ಅದನ್ನ ಯಾರು ಬೇಕಾದ್ರೂ ಕಾಪಿ ಹೊಡೀತಾರೆ.

ನೋಡಬೇಕಾಗಿರೋದು ಲಿಂಕಿನ ಬಾಲ. ಮೊಬೈಲಲ್ಲಿ ಲಿಂಕ್ ಮೇಲೆ ಬೆರಳು ಒತ್ತಿ ಹಿಡ್ಕೊಳ್ಳಿ, ಕಂಪ್ಯೂಟರಲ್ಲಾದ್ರೆ ಮೌಸ್ ಮೇಲಿಟ್ರೆ ಸಾಕು, ಕ್ಲಿಕ್ ಮಾಡ್ದೇನೇ ಅಸಲಿ ವಿಳಾಸ ಕಾಣತ್ತೆ. ರಿಸರ್ವ್ ಬ್ಯಾಂಕ್ ಎಲ್ಲಾ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ ವೆಬ್‌ಸೈಟನ್ನ 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬದಲಾಯಿಸಿ ಅಂತ ಹೇಳಿತ್ತು, ಎಸ್‌ಬಿಐದು ಈಗ 'ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್'. ಆದ್ರೆ ಕಳ್ಳರು ಇದನ್ನೇ ಮುಂದಿಟ್ಟು ಹಿಂದೆ 'ಡಾಟ್ ಕೆವೈಸಿಅಪ್‌ಡೇಟ್ ಡಾಟ್ ಎಕ್ಸ್‌ವೈಝೆಡ್' ಅಂತ ಅಂಟಿಸ್ತಾರೆ, ಹಾಗಿದ್ರೆ ಅದು ಬ್ಯಾಂಕಿನದ್ದಲ್ಲ, 'https://' ಬಿಟ್ಟು ಮುಂದೆ ಬರೋ ಮೊದಲ ಓರೆಗೆರೆಗೆ (/) ಮುಂಚೆ ಕೊನೇಲಿ ಇರೋದೇ ಲೆಕ್ಕ. ಕಳಿಸಿದವರ ಹೆಸರೂ ಅಷ್ಟೇ, ಹೆಸರಿನ ಮೇಲೆ ಒತ್ತಿ ಪೂರ್ತಿ ಮೇಲ್ ಐಡಿ ನೋಡಿ. ಇಂಗ್ಲಿಷಿನ ಆರ್ ಮತ್ತು ಎನ್ ಪಕ್ಕಪಕ್ಕ ಇಟ್ರೆ ಎಮ್ ಥರಾನೇ ಕಾಣತ್ತೆ, ಕಣ್ಣಿಗೆ ಸುಲಭವಾಗಿ ಮೋಸ ಆಗತ್ತೆ. ಹಾಗಂತ ಐಡಿ ಸರಿ ಕಂಡ ಮಾತ್ರಕ್ಕೆ ನಂಬೋ ಹಾಗೂ ಇಲ್ಲ, ಅದನ್ನೂ ನಕಲಿ ಮಾಡೋರಿದ್ದಾರೆ.

ಅನುಮಾನ ಬಂದ್ರೆ ಮೇಲಲ್ಲಿರೋ ಲಿಂಕೂ ಬೇಡ, ನಂಬರೂ ಬೇಡ. ಬ್ಯಾಂಕಿನ ಆ್ಯಪ್ ನೀವೇ ತೆಗೆದು ನೋಡಿ, ಇಲ್ಲಾ ಡೆಬಿಟ್ ಕಾರ್ಡ್ ಹಿಂದೆ ಇರೋ ನಂಬರಿಗೆ ಫೋನ್ ಮಾಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ ದಯವಿಟ್ಟು, ಅಲ್ಲೂ ಇದೇ ಕಳ್ಳರು ಕೂತಿರ್ತಾರೆ.

ಅಕಸ್ಮಾತ್ ಪಾಸ್‌ವರ್ಡೋ ಒಟಿಪಿನೋ ಕೊಟ್ಟುಬಿಟ್ಟಿದ್ರೆ ನಾಚಿಕೆ ಪಟ್ಕೊಂಡು ಮನೇಲಿ ಮುಚ್ಚಿಡಬೇಡಿ, ಆ ಕ್ಷಣಾನೇ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸಿ. ಯಾಕೆ ಅಂದ್ರೆ ನಾವೇ ಕೊಟ್ಟು ಹೋದ ದುಡ್ಡು ನಮ್ಮ ತಲೆ ಮೇಲೇನೇ, ಆದ್ರೆ ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗಿದ್ದು ಬ್ಯಾಂಕಿನ ಜವಾಬ್ದಾರಿ ಅಂತ ರಿಸರ್ವ್ ಬ್ಯಾಂಕಿನ ನಿಯಮದಲ್ಲಿದೆ, ಹತ್ತು ನಿಮಿಷಾನೂ ಮುಖ್ಯ. ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ದುಡ್ಡು ಇನ್ನೊಂದು ಅಕೌಂಟಲ್ಲಿ ಇದ್ರೆ ತಡೆಹಿಡಿಯೋಕೆ ಅವಕಾಶ ಇರತ್ತೆ. ಮೇಲ್ ಮಾತ್ರ ಡಿಲೀಟ್ ಮಾಡ್ಬೇಡಿ, ದೂರು ಕೊಡೋವಾಗ ಅದೇ ಸಾಕ್ಷಿ.